ಎಂಬತ್ತಕ್ಕೆ ನಿಂತ ಬ್ಯಾಟರಿ ಮತ್ತು ಬರೆಯದೆ ಉಳಿದ ಏಳನೆಯ ಹೆಸರು

ಇವರಿಗೆ,
ಶ್ರೀಯುತ ಎಂಬತ್ತರ ಮಿತಿಯವರು,
ಬ್ಯಾಟರಿ ಆರೋಗ್ಯ ರಕ್ಷಣಾ ವಿಭಾಗ,
ನನ್ನ ಲ್ಯಾಪ್‌ಟಾಪಿನ ಒಳಗೆ.

ಇವರಿಂದ,
ಎಸೆನ್‌ಕುಲ್, ನಿವೃತ್ತ ಭೂಗೋಳದ ಮೇಷ್ಟರು,
ಅತ್-ಬಾಶಿ. ಜೂನ್ ಹನ್ನೊಂದು.

ಮಾನ್ಯರೇ,

ತಾವು ಕ್ಷೇಮವೇ, ಮನೆಯವರು ಕ್ಷೇಮವೇ, ಕುರಿ ಕುದುರೆಗಳು ಚಳಿಗಾಲ ದಾಟಿದವೇ, ಈ ಸಲ ಮರಿಗಳು ಎಷ್ಟು ಉಳಿದವು ಎಂದು ವಿಚಾರಿಸದೆ ನಮ್ಮ ಕಡೆ ಯಾರೂ ಯಾರ ಮೇಲೂ ದೂರು ಹೇಳುವುದಿಲ್ಲವಾದ್ದರಿಂದ, ತಮಗೆ ಕುರಿಯೂ ಇಲ್ಲ ಕುದುರೆಯೂ ಇಲ್ಲ ಎಂಬುದು ಚೆನ್ನಾಗಿ ತಿಳಿದಿದ್ದರೂ, ಎಲ್ಲವನ್ನೂ ಕ್ರಮವಾಗಿ ವಿಚಾರಿಸಿದ್ದೇನೆ ಎಂದು ಭಾವಿಸಬೇಕು. ತಮ್ಮ ಆರೋಗ್ಯವಂತೂ ಉತ್ತಮವಾಗಿಯೇ ಇರಬೇಕು. ಕಳೆದ ಹದಿನೇಳು ತಿಂಗಳಿಂದ ನಮ್ಮ ಮನೆಯಲ್ಲಿ ಬ್ಯಾಟರಿಯ ಆರೋಗ್ಯದ ಹೊರತು ಬೇರೆ ಯಾರ ಆರೋಗ್ಯದ ಮಾತೂ ಆಗಿಲ್ಲ. ನನ್ನ ಹೆಂಡತಿ ಬಾತ್ಮಾಳ ಮಂಡಿನೋವು ಕೂಡ ತಮ್ಮ ನಂತರವೇ ಸರದಿಯಲ್ಲಿ ನಿಂತಿದೆ.

ಈ ಪತ್ರವನ್ನು ಕೈಯಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಲ್ಯಾಪ್‌ಟಾಪ್ ಮನೆಯಲ್ಲಿಲ್ಲ. ಇವತ್ತು ಬೆಳಗ್ಗೆ ಅದು ಕುದುರೆ ಏರಿ ಬೆಟ್ಟದ ಕಡೆಗೆ ಹೋಯಿತು. ಯಾಕೆ ಹೋಯಿತು ಎಂಬುದು ಮುಂದೆ ಬರುತ್ತದೆ. ಇದು ಬಹಿರಂಗ ಪತ್ರವಾದ್ದರಿಂದ ಇದನ್ನು ಕುಮುಷಾಯ್ ಅಂಗಡಿಯ ಬಾಗಿಲಿಗೆ ಅಂಟಿಸಲಾಗುವುದು, ಮತ್ತು ಆಕೆ ಅದರ ಚಿತ್ರ ತೆಗೆದು ಊರಿನ ಫೋನ್ ಗುಂಪಿಗೆ ಹಾಕುವುದನ್ನು ಯಾರಿಂದಲೂ ತಡೆಯಲಾಗುವುದಿಲ್ಲ.

ತಾವು ನಮ್ಮ ಮನೆಗೆ ಬಂದ ಸಂದರ್ಭವನ್ನು ಮೊದಲು ನೆನಪಿಸಬೇಕು. ತಮಗಿಂತ ಮುಂಚೆ ನಾನು ಲ್ಯಾಪ್‌ಟಾಪನ್ನು ಮೂರು ವರ್ಷ ಹಗಲು ರಾತ್ರಿ ಪ್ಲಗ್ಗಿಗೆ ಸಿಕ್ಕಿಸಿಯೇ ಇಟ್ಟಿದ್ದೆ. ಹೊಟ್ಟೆ ತುಂಬಿಸಿ ಇಡುವುದೇ ಪ್ರೀತಿ ಎಂದುಕೊಂಡಿದ್ದೆ. ಕೊನೆಗೆ ಬ್ಯಾಟರಿ ಊದಿಕೊಂಡು, ಕೀಲಿಗಳು ನಡುವಿನಲ್ಲಿ ಗುಡ್ಡದಂತೆ ಎದ್ದು, ಮುಚ್ಚಳ ಮುಚ್ಚದಂತಾಯಿತು. ಬಾತ್ಮಾ ಅದನ್ನು ಎರಡು ದಿನ ನೋಡಿ, "ಇದು ಗಬ್ಬ ಆಗಿದೆ ಕಣ್ರೀ, ಮರಿ ಹಾಕೋಕೆ ಮುಂಚೆ ಕೊಟ್ಟಿಗೇಲಿ ಕಟ್ಟಿಬನ್ನಿ" ಎಂದಳು. ಅದೇ ವಾರ ನಾರಿನ್ ಪಟ್ಟಣದ ವಿದ್ಯುತ್ ಕಚೇರಿಯಿಂದ ಮೀಟರು ಬದಲಿಸಲು ಎರ್ಮೆಕ್ ಎಂಬ ಲೈನ್‌ಮನ್ ಬಂದ. ಮೀಟರಿಗಿಂತ ಹೆಚ್ಚು ಹೊತ್ತು ಲ್ಯಾಪ್‌ಟಾಪನ್ನೇ ನೋಡಿದ. ಮುಂದಿನ ವಾರ ತಾನೇ ಪಟ್ಟಣದಿಂದ ಹೊಸ ಬ್ಯಾಟರಿ ತಂದು ಕೂಡಿಸಿದ, ಆಮೇಲೆ ತಮ್ಮನ್ನು ಅಧಿಕಾರದಲ್ಲಿ ಕೂರಿಸಿದ.

"ಮೇಷ್ಟ್ರೇ, ನೀವಿದನ್ನ ಯಾವಾಗ್ಲೂ ಪ್ಲಗ್ಗಲ್ಲೇ ಇಡ್ತೀರಲ್ಲ, ಅದೇ ಇದಕ್ಕೆ ಕಂಟಕ. ನೂರು ತುಂಬ್ಕೊಂಡು, ಬಿಸೀಲಿ ಕೂತ್ಕೊಂಡಿದ್ರೆ ಬೇಗ ಮುದಿಯಾಗ್ಬಿಡುತ್ತೆ. ಎಂಬತ್ತಕ್ಕೆ ನಿಲ್ಲೋ ಹಾಗೆ ಮಾಡಿದೀನಿ, ಇನ್ನೈದು ವರ್ಷ ಗಟ್ಟಿಯಾಗಿರುತ್ತೆ. ದೂರ ಹೋಗೋ ದಿನ, ಇಲ್ಲ ಕರೆಂಟ್ ಇರಲ್ಲ ಅಂತ ಗೊತ್ತಿರೋ ದಿನ, ಇಲ್ಲಿ ಒಂದ್ಸಲ ಒತ್ತಿ. ಆವತ್ತೊಂದಿನ ಪೂರ್ತಿ ತುಂಬ್ಕೊಳ್ಳುತ್ತೆ" ಎಂದು ವಿವರಿಸಿದ. ತಿಂಗಳು ಬಿಟ್ಟು ಬ್ಯಾಟರಿ ಹೇಗಿದೆ ಎಂದು ನೋಡಲು ಬಂದ. ಆಮೇಲೆ ಹದಿನೈದು ದಿನಕ್ಕೆ ಬಂದ. ಆಮೇಲೆ ವಾರಕ್ಕೊಮ್ಮೆ. ಒಂದು ಬ್ಯಾಟರಿಯ ಮೇಲೆ ಇಷ್ಟು ಕಾಳಜಿ ಇರುವ ಸರ್ಕಾರಿ ನೌಕರನನ್ನು ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನಾನು ಕಂಡಿರಲಿಲ್ಲ, ಹಾಗೆಂದು ಮನೆಯಲ್ಲಿ ಹೊಗಳಿದೆ ಕೂಡ. ಬಾತ್ಮಾ ಹಿಟ್ಟು ನಾದುತ್ತಾ, "ಬ್ಯಾಟರಿ ನೋಡೋಕೆ ಬರೋನು ಗಡ್ಡ ಬೋಳಿಸ್ಕೊಂಡು, ಸೆಂಟು ಹಾಕ್ಕೊಂಡು ಬರ್ತಾನಾ? ಮಕ್ಕಳಿಗೆ ಪಾಠ ಹೇಳ್ತಿದ್ದೋರು ನೀವೇನಾ?" ಎಂದಳು. ಒಲೆಯ ಹತ್ತಿರ ಕೂತಿದ್ದ ನಮ್ಮ ಕಿರಿಮಗಳು ಚೊಲ್ಪೊನ್ ಇದ್ದಕ್ಕಿದ್ದಂತೆ ನೀರು ತರಲು ಎದ್ದು ಹೋದಳು. ಬಿಂದಿಗೆ ತುಂಬಿತ್ತು.

ಆದರೂ ಮಾನ್ಯರೇ, ಆ ದಿನಗಳಲ್ಲಿ ತಮ್ಮ ಮೇಲೆ ನನಗಿದ್ದ ಗೌರವಕ್ಕೆ ಪಾರವೇ ಇರಲಿಲ್ಲ. ಯಾಕೆಂದು ತಮಗೆ ತಿಳಿಯದಿರಬಹುದು. ನಮ್ಮಲ್ಲಿ ಅತಿಥಿಗೆ ಚಹಾ ಕೊಡುವಾಗ ಬಟ್ಟಲನ್ನು ಎಂದೂ ತುಂಬಿಸುವುದಿಲ್ಲ. ಸ್ವಲ್ಪ ಹಾಕುತ್ತೇವೆ, ಕುಡಿದ ಮೇಲೆ ಮತ್ತೆ ಸ್ವಲ್ಪ ಹಾಕುತ್ತೇವೆ, ಹೀಗೆ ಹನ್ನೆರಡು ಸಲ ಕೈ ಚಾಚುವುದೇ ಮರ್ಯಾದೆ. ಅಂಚಿನವರೆಗೆ ತುಂಬಿ ಕೊಟ್ಟರೆ, ಕುಡಿದು ಎದ್ದು ಹೋಗಪ್ಪಾ ಎಂದ ಹಾಗೆ. ನಮ್ಮ ಮನೆಯಲ್ಲಿ ಚಹಾ ಸುರಿಯುವವಳು ಚೊಲ್ಪೊನ್, ಅವಳ ಅಳತೆ ಒಂದು ಹನಿ ಆಚೀಚೆ ಆಗುವುದಿಲ್ಲ. ಪಾಶ್ಚಾತ್ಯರು ತಯಾರಿಸಿದ ಯಂತ್ರವೊಂದರೊಳಗೆ ಇಂಥ ಸಂಸ್ಕಾರವಂತರೊಬ್ಬರು ಕೂತು, ಸಾಕು, ಇನ್ನು ತುಂಬಬೇಡಿ, ಇವರು ನಮ್ಮಲ್ಲೇ ಉಳಿಯಬೇಕಾದವರು ಎಂದು ಕೈ ಅಡ್ಡ ಹಿಡಿಯುತ್ತಿದ್ದಾರೆ ಎಂದು ನಾನು ತಿಳಿದೆ. ಹಳೆಯ ಶಾಲೆಗೆ ಹೋಗಿ ಶಿಕ್ಷಕರ ಕೋಣೆಯಲ್ಲಿ ತಮ್ಮ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಅವರೂ ಮೆಚ್ಚಿದರು, ಅಥವಾ ಗಂಟೆ ಹೊಡೆಯಲಿ ಎಂದು ಕಾದರು.

ಇನ್ನು ದೂರಿನ ವಿಷಯಕ್ಕೆ ಬರುತ್ತೇನೆ. ಈ ಮಾರ್ಚಿನಲ್ಲಿ ಎರ್ಮೆಕ್‌ನ ಕಡೆಯ ಹಿರಿಯರು ಬಂದು ಚೊಲ್ಪೊನಳನ್ನು ಕೇಳಿದರು. ಹೆಣ್ಣು ಕೊಡುವ ಮುಂಚೆ ಎರಡೂ ಮನೆಯ ಏಳು ತಲೆಮಾರಿನ ತಂದೆಯರ ಹೆಸರು ಹೇಳಿ ನೋಡುವುದು ನಮ್ಮ ಕಟ್ಟಳೆ. ಆ ಏಳರೊಳಗೆ ಒಂದೇ ಒಂದು ಹೆಸರು ಎರಡೂ ಕಡೆ ಬಂದರೂ ಹುಡುಗ ಹುಡುಗಿ ಅಣ್ಣ ತಂಗಿಯರೆಂದೇ ಲೆಕ್ಕ, ಮದುವೆಯ ಮಾತು ಅಲ್ಲಿಗೆ ಮುಗಿಯಿತು. ನಮ್ಮ ಏಳೂ ನನಗೆ ಬಾಯಿಪಾಠ, ಏಳನೆಯವರು ಆಲ್ಚಿಬೆಕ್. ಎರ್ಮೆಕ್‌ನ ಮನೆತನ ಅವನ ಮುತ್ತಜ್ಜನ ಕಾಲದಲ್ಲಿ ಬೆಟ್ಟದಾಚೆಯಿಂದ ಬಂದದ್ದು. ಅವರಿಗೆ ಆರರವರೆಗೆ ಗೊತ್ತು, ಏಳನೆಯ ಹೆಸರು ದಾರಿಯಲ್ಲೆಲ್ಲೋ ಬಿದ್ದುಹೋಗಿದೆ. ನಮ್ಮ ಆಲ್ಚಿಬೆಕ್ ಅವರ ಒಬ್ಬ ಮಗ ಮುನಿಸಿಕೊಂಡು ಬೆಟ್ಟದಾಚೆಗೆ ಹೋದದ್ದು ಊರಿಗೆಲ್ಲ ಗೊತ್ತಿರುವ ಸಂಗತಿಯಾದ್ದರಿಂದ, ಹುಡುಗನ ಏಳನೆಯವರೂ ಆಲ್ಚಿಬೆಕ್ಕೇ ಆಗಿದ್ದರೆ ಏನು ಗತಿ ಎಂದು ಎಲ್ಲರೂ ಹುಬ್ಬೇರಿಸಿದರು. ಅಂಗಡಿಯ ಕುಮುಷಾಯ್ ಸಕ್ಕರೆ ತೂಗುತ್ತಾ, "ಕಂಬ ಹತ್ತೋಕೆ ಬರುತ್ತೆ, ವಂಶ ಹತ್ತೋಕೆ ಬರಲ್ಲ, ಎಂಥಾ ಅಳಿಯನಪ್ಪಾ ನಿಮಗೆ ಸಿಕ್ಕಿದ್ದು" ಎಂದಳು.

ಎರಡೂ ಕಡೆಯ ವಂಶಗಳನ್ನು ಬಲ್ಲವರು ಈ ಕಣಿವೆಯಲ್ಲಿ ಒಬ್ಬರೇ, ತೊಂಬತ್ತೊಂದು ವರ್ಷದ ತಿನಾಲಿ ಅಜ್ಜ. ಕಿವಿ ಅಷ್ಟಾಗಿ ಕೇಳಿಸದು, ನೆನಪು ಮಾತ್ರ ಹರಿತ. ಆದರೆ ಅವರಿಗೆ ಯಾವ ಹೆಸರನ್ನೂ ಬಿಡಿಯಾಗಿ ಹೇಳಲು ಬರುವುದಿಲ್ಲ. ಮೂಲಪುರುಷನಿಂದ ಹಿಡಿದು ಕವಲು ಕವಲಾಗಿ ಇಳಿದು, ಕೊನೆಯಲ್ಲಿ ಹುಡುಗಿಯ ಏಳು, ಅದಾದ ಮೇಲೆ ಹುಡುಗನ ಏಳು, ಹೀಗೆ ಕಣ್ಣು ಮುಚ್ಚಿ ಒಂದೇ ಸಮನೆ ಹೇಳಬೇಕು. "ಹಗ್ಗದ ತುದಿ ಕೊಟ್ರೆ ಎಳೀತೀನಿ. ನಡುವೆ ಕೈ ಹಾಕಿದ್ರೆ ಗಂಟು ಬೀಳುತ್ತೆ" ಎನ್ನುತ್ತಾರೆ. ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ ಹೇಳುತ್ತಾರೆ, ದನಿಯನ್ನು ಫೋನಿನಲ್ಲಿ ಹಿಡಿಯಲು ಬಿಡುವುದಿಲ್ಲ. ಹೋದ ವರ್ಷ ಬೇರೊಂದು ಮದುವೆಯಲ್ಲಿ ಒಬ್ಬೊಬ್ಬರು ಒಂದೊಂದು ಕೇಳಿಸಿಕೊಂಡು ಜಗಳವಾದ್ದರಿಂದ, ಈ ಸಲ ನನ್ನ ಲ್ಯಾಪ್‌ಟಾಪಿನಲ್ಲಿರುವ ಊರಿನ ವಂಶಾವಳಿಯಲ್ಲಿ ಏನು ಬರೆದಿರುತ್ತದೋ ಅದನ್ನೇ ಒಪ್ಪುವುದು ಎಂದು ಎರಡೂ ಕಡೆಯವರು ಕೈಮೇಲೆ ಕೈ ಇಟ್ಟರು. ಒಟ್ಟಿನಲ್ಲಿ ನನ್ನ ಮಗಳ ಮದುವೆ ಒಂದು ಹೆಸರಿನ ಮೇಲೆ, ಆ ಹೆಸರು ಒಂದು ಯಂತ್ರದ ಮೇಲೆ, ಆ ಯಂತ್ರ ತಮ್ಮ ಮೇಲೆ ನಿಂತಿತು.

ಮೇ ಹದಿನೆಂಟಕ್ಕೆ ದಿನ ಗೊತ್ತಾಯಿತು. ಮಾರನೆಯ ದಿನ ತಿನಾಲಿ ಅಜ್ಜ ಮಕ್ಕಳ ಜೊತೆ ಬೇಸಿಗೆಯ ಹುಲ್ಲುಗಾವಲಿಗೆ ಹೊರಡುವವರು, ಇಳಿದು ಬರುವುದು ಸೆಪ್ಟೆಂಬರಿನಲ್ಲಿ. ಅದೇ ಹದಿನೆಂಟರಂದು ತಂತಿ ದುರಸ್ತಿಗಾಗಿ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕರೆಂಟು ಇರುವುದಿಲ್ಲ ಎಂಬ ಪ್ರಕಟಣೆ ಬಂತು. ದುರಸ್ತಿಗೆ ಕಂಬ ಹತ್ತುವವರ ಪಟ್ಟಿಯಲ್ಲಿ ಮೊದಲ ಹೆಸರು ಮದುಮಗನದೇ ಆಗಿತ್ತು. ಹಿಂದಿನ ದಿನವೇ ಬಾತ್ಮಾ ಹೇಳಿದಳು: "ನಾಳೆ ಕರೆಂಟಿಲ್ಲ. ಆ ಹುಡುಗ ತೋರಿಸ್ಕೊಟ್ಟಿದ್ದನ್ನ ಒತ್ತಿ, ಪೂರ್ತಿ ತುಂಬ್ಲಿ." ನಾನು ಒಪ್ಪಲಿಲ್ಲ. ತಿನಾಲಿ ಅಜ್ಜನಂಥವರು ನನ್ನ ಹೊಸ್ತಿಲು ತುಳಿಯುವ ದಿನವೇ ನನ್ನ ಸೂರಿನ ಕೆಳಗೆ ಒಂದು ವಸ್ತು ಅಂಚಿನವರೆಗೆ ತುಂಬಿರುವುದೇ, ಅದೂ ಅವರ ಎದುರಿಗೇ ತೆರೆದು ಇಡುವಂಥ ವಸ್ತು, ಮೂಲೆಯಲ್ಲಿ ನೂರು ಎಂದು ದೊಡ್ಡದಾಗಿ ತೋರಿಸಿಕೊಂಡು? ಅವರಿಗೆ ಅಂಕಿ ಓದಲು ಬರುತ್ತದೆ. "ಅದು ಬಟ್ಟಲಲ್ಲ ಕಣ್ರೀ, ಬ್ಯಾಟರಿ. ಅದಕ್ಕೆ ಅತಿಥಿ ಯಾರು, ದಾರಿಹೋಕ ಯಾರು ಅಂತ ಗೊತ್ತಾಗುತ್ತಾ?" ಎಂದು ಬಾತ್ಮಾ ಹಣೆ ಚಚ್ಚಿಕೊಂಡಳು. ಚೊಲ್ಪೊನ್ ಹತ್ತಿರ ಬಂದು, "ಅಪ್ಪಾ, ಬಟ್ಟಲಿನ ಮರ್ಯಾದೆ ನಾನು ನೋಡ್ಕೋತೀನಿ. ಇದೊಂದು ಒತ್ತಿಬಿಡಿ" ಎಂದಳು. ನಾನು ಒತ್ತಲಿಲ್ಲ. ಇದು ಬರೀ ಮರ್ಯಾದೆಯ ಪ್ರಶ್ನೆಯೇ ಆಗಿತ್ತೇ ಎಂದು ತಾವು ಕೇಳಬಹುದು. ದಯವಿಟ್ಟು ಕೇಳಬೇಡಿ.

ಆ ದಿನ ಮೂವತ್ತು ಜನ ಸೇರಿದ್ದರು. ಹಿರಿಯರಿಗೆ ಸಲ್ಲುವ ಮರ್ಯಾದೆಯಂತೆ ಬೇಯಿಸಿದ ಕುರಿಯ ತಲೆಯನ್ನು ತಿನಾಲಿ ಅಜ್ಜನ ಮುಂದಿಟ್ಟು, ಊಟ ಮುಗಿಸಿ, ಅವರ ಬಲಗಡೆ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ನಾನು ಲ್ಯಾಪ್‌ಟಾಪ್ ಹಿಡಿದು ಕೂತೆ. ಅವರು ಕಣ್ಣು ಮುಚ್ಚಿ ಶುರು ಮಾಡಿದರು. ಅವರ ದನಿ ಗೊಣಗಾಟಕ್ಕಿಂತ ಒಂದು ಚೂರು ಮೇಲೆ, ಬಾಗಿಲ ಹತ್ತಿರ ಕೂತವರಿಗೆ ಗಡ್ಡ ಅಲುಗುವುದು ಮಾತ್ರ ಕಾಣುತ್ತಿತ್ತು. ನಾನು ಎರಡು ಬೆರಳಿನಲ್ಲಿ ಕುಟ್ಟುತ್ತಾ ಹೋದೆ, ನನ್ನ ಹಿಂದೆ ನಿಂತವರು ಪರದೆ ನೋಡಿ ಓದಿ ಹೇಳುತ್ತಾ ಹೋದರು. ತುಂಬಿದ ಬ್ಯಾಟರಿ ಮೂರು ಗಂಟೆ ಇಪ್ಪತ್ತು ನಿಮಿಷ ಬರುತ್ತದೆ; ತಮ್ಮ ಕೃಪೆಯಿಂದ ಎಂಬತ್ತಕ್ಕೆ ನಿಂತದ್ದು ಎರಡು ಗಂಟೆ ನಲವತ್ತು ನಿಮಿಷ ಬಂತು. ಮೂಲಪುರುಷನಿಂದ ಕವಲುಗಳೆಲ್ಲ ಮುಗಿಯಲು ಎರಡೂವರೆ ಗಂಟೆ ಆಯಿತು. ಆಮೇಲೆ ನಮ್ಮ ಏಳು. ಆಮೇಲೆ ಎರ್ಮೆಕ್‌ನ ಒಂದು, ಎರಡು, ಮೂರು. ಮೂವತ್ತು ಜನ ಬೆರಳು ಮಡಿಸಿ ಎಣಿಸಿದರು. ನಾಲ್ಕು, ಐದು, ಆರು. ನಾನು ಏಳು ಎಂದು ಅಂಕಿ ಬರೆದೆ, ಪಕ್ಕದಲ್ಲಿ ಚುಕ್ಕೆ ಇಟ್ಟೆ, ಪರದೆ ಕಪ್ಪಾಯಿತು.

ಮಾನ್ಯರೇ, ಮುಂದಿನ ಅರ್ಧ ನಿಮಿಷದಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನು ತಾವು ನೋಡಲಿಲ್ಲ, ತಾವು ಆಗ ನಿದ್ದೆಯಲ್ಲಿದ್ದಿರಿ. ಮೂವತ್ತು ಜನರೂ ಒಟ್ಟಿಗೆ ಎದ್ದರು. ಒಬ್ಬ ಚಾರ್ಜರು ಎಲ್ಲಿ ಎಂದು ಕೂಗಿದ, ಇನ್ನೊಬ್ಬ ಕರೆಂಟೇ ಇಲ್ಲವಲ್ಲೋ ಎಂದು ಅದಕ್ಕಿಂತ ಜೋರಾಗಿ ಕೂಗಿದ. ಹುಡುಗನ ಚಿಕ್ಕಪ್ಪ ತನ್ನ ಕಾರಿನ ಬ್ಯಾಟರಿ ಕಿತ್ತು ತರುತ್ತೇನೆಂದು ಹೊರಗೋಡಿ, ಅಂಗಳದಲ್ಲಿ ಕುರಿಗೆ ಎಡವಿದ. ಕುಮುಷಾಯ್ ಲ್ಯಾಪ್‌ಟಾಪನ್ನು ನನ್ನ ಕೈಯಿಂದ ಕಿತ್ತುಕೊಂಡು ಕೆಟ್ಟ ಗಡಿಯಾರವನ್ನು ಅಲ್ಲಾಡಿಸುವ ಹಾಗೆ ಅಲ್ಲಾಡಿಸಿದಳು. ಬಾತ್ಮಾ ಇಡೀ ಮನೆಗೆ ಕೇಳುವಂತೆ, "ಒತ್ತಿ ಅಂದೆ. ನಿನ್ನೆಯಿಂದ ಒತ್ತಿ ಒತ್ತಿ ಅಂತ ಬಡ್ಕೊಂಡೆ" ಎಂದಳು. ಈ ಗಲಾಟೆ ಯಾವುದೂ ಕಿವಿಗೆ ಬೀಳದ ತಿನಾಲಿ ಅಜ್ಜ, ಮುಚ್ಚಿದ ಕಣ್ಣು ಮುಚ್ಚಿದಂತೆಯೇ, ತುಟಿ ಅಲುಗಿಸಿ ಏಳನೆಯ ಹೆಸರನ್ನು ಹೇಳಿ ಮುಗಿಸಿ, ಕಣ್ಣು ಬಿಟ್ಟು, ಅಂಗೈಗಳಿಂದ ಮುಖ ಸವರಿಕೊಂಡು ಚಹಾ ಕೇಳಿದರು.

ಇನ್ನೊಂದು ಸಲ ಹೇಳಿ ಎಂದು ಎರಡೂ ಕಡೆಯವರು ಅವರ ಕಿವಿಯಲ್ಲಿ ಕೂಗಿ ಬೇಡಿಕೊಂಡರು. "ನಾನೇನು ಕೆಟ್ಟ ರೇಡಿಯೋನಾ, ತಲೆ ಮೇಲೆ ಕುಟ್ಟಿದ್ರೆ ಮತ್ತೆ ಹಾಡೋಕೆ? ಮೂವತ್ತು ಜನಕ್ಕೆ ಅರವತ್ತು ಕಿವಿ ಕೊಟ್ಟಿದಾನೆ ದೇವರು. ಒಂದೂ ಈ ಕಡೆ ಇರ್ಲಿಲ್ವಾ?" ಎಂದರು. ಮತ್ತೆ ಬೇಕಾದರೆ ಮೊದಲಿಂದ ಹೇಳಬೇಕು, ಅದೂ ಶರತ್ಕಾಲಕ್ಕೆ ಇಳಿದು ಬಂದ ಮೇಲೆ, ಜೀವ ಇದ್ದರೆ, ಎಂದು ಕುದುರೆ ಏರಿ ಹೋದರು. ಸಂಜೆ ಐದಕ್ಕೆ ಸರಿಯಾಗಿ ಕರೆಂಟು ಬಂತು. ಲ್ಯಾಪ್‌ಟಾಪ್ ತೆರೆದಾಗ ಎಲ್ಲ ಹೆಸರೂ ಇದ್ದವು, ಕೊನೆಯಲ್ಲಿ ಏಳು ಎಂಬ ಅಂಕಿ, ಅದರ ಪಕ್ಕ ಚುಕ್ಕೆ, ಅದರ ಪಕ್ಕ ಏನೂ ಇಲ್ಲ. ತಾವು ಎಂದಿನಂತೆ ಎಂಬತ್ತಕ್ಕೆ ನಿಂತು, ಬ್ಯಾಟರಿಯ ಆರೋಗ್ಯ ಉತ್ತಮವಾಗಿದೆ ಎಂದು ವರದಿ ಒಪ್ಪಿಸಿದಿರಿ.

ಅಂದಿನಿಂದ ಮದುವೆ ನಿಂತಿದೆ. ಬರೆಯದ ಹೆಸರಿನ ಜಾಗದಲ್ಲಿ ಊರು ತನಗೆ ಬೇಕಾದ್ದನ್ನು ಬರೆದುಕೊಂಡಿದೆ. ಯಂತ್ರವೇ ಪಾಪಕ್ಕೆ ಹೆದರಿ ಕಣ್ಣು ಮುಚ್ಚಿಕೊಂಡಿತು, ಆಲ್ಚಿಬೆಕ್ಕೇ ಇರಬೇಕು ಎಂದು ಅಂಗಡಿಯ ಕಟ್ಟೆಯಲ್ಲಿ ಮಾತು. ನಾನು ಎಲ್ಲಿ ಹೋದರೂ, ಏನು ಮಾಡಲಿ, ಎಂಬತ್ತರ ಮಿತಿ, ಬ್ಯಾಟರಿ ಕೈಕೊಟ್ಟಿತು ಎಂದು ತಮ್ಮ ಹೆಸರನ್ನೇ ಹೇಳಿದೆ. ಇಪ್ಪತ್ತನಾಲ್ಕು ದಿನಗಳಲ್ಲಿ ತಮ್ಮನ್ನು ನಾನು ಬೈದಷ್ಟು ನಮ್ಮೂರಿನಲ್ಲಿ ತೋಳವನ್ನೂ ಯಾರೂ ಬೈದಿಲ್ಲ. ತಾವು ಒಮ್ಮೆಯೂ ತಿರುಗಿ ಮಾತನಾಡಲಿಲ್ಲ. ಇಂಥ ಸಹನಶೀಲರು ಯಾವ ಕಚೇರಿಯಲ್ಲೂ ಸಿಗಲಾರರು.

ಚೊಲ್ಪೊನ್ ಒಂದೇ ಒಂದು ಸಲ, ಮೂರನೆಯ ದಿನವೋ ನಾಲ್ಕನೆಯ ದಿನವೋ, ಚಹಾ ಸುರಿಯುತ್ತಾ, "ಅಪ್ಪಾ, ನೀವು ಅಷ್ಟು ಹತ್ತಿರ ಕೂತಿದ್ರಲ್ಲ. ನಿಮಗೂ ಏನೂ ಕೇಳಿಸ್ಲಿಲ್ವಾ?" ಎಂದು ಕೇಳಿದಳು. "ನಾನು ಯಂತ್ರ ನೋಡ್ತಿದ್ದೆ ಮಗಳೇ" ಎಂದೆ. ಅವಳು ತಲೆಯಾಡಿಸಿ ಬಟ್ಟಲು ಕೊಟ್ಟಳು. ಅವಳು ಇನ್ನೊಮ್ಮೆ ಕೇಳಿದ್ದರೆ ಚೆನ್ನಾಗಿತ್ತು. ಕೇಳಲಿಲ್ಲ, ನನ್ನ ಮಾತನ್ನು ನಂಬಿದಳು. ಇದು ತಮ್ಮ ಮೇಲಿರುವ ದೂರುಗಳಲ್ಲಿ ಅತ್ಯಂತ ಗಂಭೀರವಾದದ್ದು ಎಂದು ದಾಖಲಿಸಿಕೊಳ್ಳಬೇಕು.

ಈಗ ನನ್ನ ಕೋರಿಕೆಗಳು. ಹದಿನೇಳು ತಿಂಗಳಿಂದ ದಿನಕ್ಕೆ ಇಪ್ಪತ್ತರಂತೆ ತಾವು ಒಳಗೆ ಬಿಡದೆ ಬಾಗಿಲಲ್ಲೇ ನಿಲ್ಲಿಸಿದ ಕರೆಂಟೆಲ್ಲ ಎಲ್ಲಿದೆಯೋ ಅಲ್ಲಿಂದ ತರಿಸಿ, ಮೇ ಹದಿನೆಂಟರ ಮಧ್ಯಾಹ್ನಕ್ಕೆ ಅರ್ಧ ನಿಮಿಷದ ಮಟ್ಟಿಗೆ ಹಿಂದಿನ ತಾರೀಕಿನಿಂದ ಮಂಜೂರು ಮಾಡಬೇಕು. ಅದು ನಿಯಮದಲ್ಲಿ ಇಲ್ಲವಾದರೆ, ತಮ್ಮನ್ನು ಕುಮುಷಾಯ್ ನಾಲಿಗೆಗೆ ವರ್ಗ ಮಾಡಿಸಿಕೊಳ್ಳಬೇಕು. ಅಲ್ಲಿ ಎಂಬತ್ತು ಕೂಡ ಹೆಚ್ಚು, ಮೂವತ್ತಕ್ಕೆ ನಿಂತರೆ ಊರು ನೆಮ್ಮದಿಯಾಗಿರುತ್ತದೆ. ಹುಡುಗನ ಚಿಕ್ಕಪ್ಪ ನಮ್ಮ ಮನೆಯಲ್ಲಿ ತಿಂದ ಮಾಂಸಕ್ಕೂ ಒಂದು ಮಿತಿ ಹಾಕಬಹುದಿತ್ತು, ಅದು ಮುಗಿದ ವಿಷಯ.

ಕೊನೆಯ ಕೋರಿಕೆ ಸ್ವಲ್ಪ ಕಷ್ಟದ್ದು. ಮಗಳನ್ನು ಕೊಡುವ ಮನೆಗಳಲ್ಲಿಯೂ ತಮ್ಮದೊಂದು ಗುಂಡಿ ಇರಬೇಕು. ಎಂಬತ್ತರಷ್ಟು ಹೋಗಲಿ, ಇಪ್ಪತ್ತರಷ್ಟು ಇಲ್ಲೇ ಉಳಿಯಲಿ. ಅವಳ ಬಟ್ಟೆ ಪೆಟ್ಟಿಗೆ ಹೋಗಲಿ, ಅವಳ ಹೊಲಿಗೆಯ ಯಂತ್ರ ಹೋಗಲಿ, ಒಲೆಯ ಹತ್ತಿರ ಕೂತು ಚಹಾ ಸುರಿಯುವ ಕೈ ಸಂಜೆಗಳಲ್ಲಿ ಉಳಿಯಲಿ. ನಾನು ನದಿಗಳ ಹೆಸರು ಹೇಳುವಾಗ ಆಕಳಿಸುತ್ತಲೇ ಕೇಳುವ ಒಬ್ಬರು ಉಳಿಯಲಿ. ದೊಡ್ಡ ಹೆಣ್ಣುಮಕ್ಕಳಿಬ್ಬರು ಮದುವೆಯಾಗಿ ಹೋದಾಗ ಇವಳಿದ್ದಳು. ಇವಳು ಹೋಗುವುದು ನಾರಿನ್ ಪಟ್ಟಣಕ್ಕೆ, ನಲವತ್ತೈದು ಕಿಲೋಮೀಟರು. ಮೂವತ್ತನಾಲ್ಕು ವರ್ಷ ಖಂಡಗಳ ನಡುವಿನ ದೂರ ಕಲಿಸಿದ ನನಗೆ ನಲವತ್ತೈದು ಕಿಲೋಮೀಟರು ಎಂದರೆ ಎಷ್ಟು ಎಂದು ಈ ವಸಂತದಲ್ಲಿ ಗೊತ್ತಾಯಿತು. ಬಾತ್ಮಾ ರಾಗ ಎಳೆಯದೆ ಹೇಳಿಬಿಟ್ಟಳು: "ಅವಳೇನು ಚಂದ್ರಲೋಕಕ್ಕೆ ಹೋಗ್ತಿಲ್ಲ. ದಿನಕ್ಕೆ ಆರು ವ್ಯಾನು ಇದೆ." ಇದೆ, ನಾನೇ ಎಣಿಸಿದ್ದೇನೆ. ಸಂಜೆ ಏಳರ ಮೇಲೆ ಒಂದೂ ಇಲ್ಲ.

ನಿನ್ನೆ ಎರ್ಮೆಕ್ ಬಂದಿದ್ದ. ಅಳಿಯನಾಗಬೇಕಾದವನು ಹೀಗೆ ಮಾವನ ಎದುರಿಗೆ ಬರುವ ಹಾಗಿಲ್ಲ, ಆದರೂ ಬಾಗಿಲ ಹೊರಗೆ ನಿಂತು, ಬಿಳಿ ಟೋಪಿ ಕೈಯಲ್ಲಿ ಹಿಡಿದು, "ಮೇಷ್ಟ್ರೇ, ತಪ್ಪು ನಂದೇ. ಎಂಬತ್ತಕ್ಕೆ ಇಟ್ಟಿದ್ದು ನಾನು, ಆವತ್ತು ಕರೆಂಟ್ ತೆಗೆದಿದ್ದೂ ನಾನೇ. ನಿಮ್ಮದೇನಿದೆ ಪಾಪ" ಎಂದ. ನೆಲ ನೋಡುತ್ತಾ ನಿಂತಿದ್ದ ಅವನಿಗೆ ನನ್ನ ಮುಖ ಕಾಣಲಿಲ್ಲ, ಅಷ್ಟೇ ನನ್ನ ಪುಣ್ಯ. ಲ್ಯಾಪ್‌ಟಾಪ್ ಒಂದು ವಾರ ಕೊಡಿ ಎಂದು ಕೇಳಿದ. ತಾನು ಹುಲ್ಲುಗಾವಲಿಗೆ ಹೋಗುತ್ತೇನೆ, ತಿನಾಲಿ ಅಜ್ಜನ ಗುಡಾರದ ಮುಂದೆ ಕೂರುತ್ತೇನೆ, ಮೊದಲಿಂದ ಹೇಳುವವರೆಗೆ ಏಳುವುದಿಲ್ಲ ಎಂದ. ತಮ್ಮನ್ನು ಅಲ್ಲೇ, ನನ್ನ ಕಣ್ಣೆದುರಿಗೆ, ಎರಡು ಬಾರಿ ಒತ್ತಿ ಅಧಿಕಾರದಿಂದ ಇಳಿಸಿದ. ಬೆಳಗಾಗುವುದರೊಳಗೆ ಬ್ಯಾಟರಿ ನೂರಕ್ಕೆ ನೂರು ತುಂಬಿತ್ತು. ಹದಿನೇಳು ತಿಂಗಳಲ್ಲಿ ಮೊದಲ ಸಲ ಆ ಅಂಕಿ ನೋಡಿದೆ, ಯಾರೋ ಹೊರಡುತ್ತಿದ್ದಾರೆ ಎನ್ನಿಸಿತು.

ಇವತ್ತು ಬೆಳಗ್ಗೆ ಎರವಲು ಕುದುರೆಯ ಮೇಲೆ ಹೊರಟ. ಕಂಬ ಹತ್ತುವುದರಲ್ಲಿ ಅವನಿಗೆ ಸಮನಿಲ್ಲ, ಕುದುರೆ ಮೇಲೆ ಮಾತ್ರ ಹಿಟ್ಟಿನ ಚೀಲ ಕೂತ ಹಾಗೆ ಕೂರುತ್ತಾನೆ. ಎರಡು ದಿನದ ದಾರಿ. ನಡುವೆ ಎರಡು ಹೊಳೆ, ಹಿಮ ಕರಗುವ ಕಾಲ, ಮಧ್ಯಾಹ್ನದ ಮೇಲೆ ನೀರು ಕುದುರೆಯ ಎದೆಗೆ ಬರುತ್ತದೆ. ಚೊಲ್ಪೊನ್ ರೊಟ್ಟಿ ಕಟ್ಟಿಕೊಟ್ಟು, ಲ್ಯಾಪ್‌ಟಾಪಿಗೆ ತನ್ನ ಶಾಲು ಸುತ್ತಿಕೊಟ್ಟು, ಗೇಟಿನಲ್ಲಿ ನಿಂತಳು. ಕುದುರೆ ತಿರುವಿನಲ್ಲಿ ಮರೆಯಾದ ಮೇಲೂ ಒಳಗೆ ಬರಲಿಲ್ಲ. ನಾನು ಕಿಟಕಿಯಿಂದ ಅವಳ ಬೆನ್ನನ್ನೇ ನೋಡುತ್ತಾ ಕೂತು, ಬೇರೆ ಏನು ಮಾಡಬೇಕೋ ತಿಳಿಯದೆ, ತಮಗೆ ಈ ದೂರು ಬರೆಯಲು ಶುರು ಮಾಡಿದೆ. ಎದ್ದು ಹೋಗಿ ಅವಳಿಗೇ ಹೇಳಬಹುದಾಗಿತ್ತು. ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ. ತಮಗೆ ಮುಖವಿಲ್ಲ, ಅದೊಂದು ದೊಡ್ಡ ಅನುಕೂಲ.

ಇದುವರೆಗೆ ತಾಳ್ಮೆಯಿಂದ ಓದಿದ್ದಕ್ಕೆ, ಬೈಗುಳಗಳನ್ನೆಲ್ಲ ಮರುಮಾತಿಲ್ಲದೆ ಹೊತ್ತದ್ದಕ್ಕೆ, ಬ್ಯಾಟರಿಯನ್ನು ಇಂದಿಗೂ ಹೊಸದರಂತೆ ಇಟ್ಟದ್ದಕ್ಕೆ ತಮಗೆ ಋಣಿ. ತಮ್ಮ ಕುರಿ ಕುದುರೆಗಳು ಕ್ಷೇಮವಾಗಿರಲಿ.

ತಮ್ಮ ವಿಶ್ವಾಸಿ, ಮತ್ತು ವಿಶ್ವಾಸಕ್ಕೆ ಅಷ್ಟೇನೂ ಯೋಗ್ಯನಲ್ಲದ,
ಎಸೆನ್‌ಕುಲ್

ಮರೆತ ಮಾತು: ಏಳನೆಯ ಹೆಸರು ಸಾತಿಕೆ. ಆಲ್ಚಿಬೆಕ್ ಅಲ್ಲ, ನಮ್ಮ ವಂಶದಲ್ಲಿ ಸಾತಿಕೆ ಎಂಬ ಹೆಸರಿನವರು ಒಬ್ಬರೂ ಇಲ್ಲ. ತಿನಾಲಿ ಅಜ್ಜ ಸ್ಪಷ್ಟವಾಗಿ ಹೇಳಿದರು, ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಒಂದು ಬೇಸಿಗೆಯಾದರೂ ಅವಳು ಮನೆಯಲ್ಲಿ ಉಳಿಯಲಿ ಎಂದು ತಮ್ಮ ಬೆನ್ನ ಹಿಂದೆ ಅಡಗಿ ಕೂತೆ. ದಾರಿಯಲ್ಲಿ ಎರ್ಮೆಕ್‌ನನ್ನು ಕಂಡವರು ಹೊಳೆ ದಾಟುವ ಮುಂಚೆಯೇ ಅವನನ್ನು ಹಿಂದಕ್ಕೆ ಕಳುಹಿಸಬೇಕಾಗಿ ವಿನಂತಿ. ಚೊಲ್ಪೊನ್, ಇದನ್ನು ಅಂಗಡಿಗೆ ಒಯ್ಯಲು ನಿನ್ನ ಕೈಯಲ್ಲೇ ಕೊಡುತ್ತಿದ್ದೇನೆ ಮಗಳೇ. ಮಡಿಸಿಲ್ಲ. ಓದಿಕೊಂಡು ಹೋಗು.